ಶಾಲೆಯ ಗಿನಿಪಿಗ್ ರಜೆಗೆ ನಿಮ್ಮನೆಗೆ ಬಂದರೆ: ಕಾರವಾರದ ಸೆಖೆಯಿಂದ ಶಿರಸಿ ಅಜ್ಜಿಮನೆವರೆಗೆ

ಏಪ್ರಿಲ್‌ನಲ್ಲಿ ರಿಸಲ್ಟ್ ಕೊಟ್ಟು ಶಾಲೆಗೆ ರಜೆ ಬಿಡ್ತಾರಲ್ಲ, ಹೋದ ವರ್ಷ ಅದೇ ದಿನ ನನ್ನ ಮಗಳು ಒಂದು ಕೈಲಿ ಮಾರ್ಕ್ಸ್ ಕಾರ್ಡು ಇನ್ನೊಂದು ಕೈಲಿ ಪಂಜರದ ಹಿಡಿ ಹಿಡ್ಕೊಂಡು ಟೀಚರ್ ಪಕ್ಕ ಗೇಟಲ್ಲಿ ನಿಂತಿದ್ಲು. ಒಳಗೆ ಜೋನಿ, ಕ್ಲಾಸಿನ ಗಿನಿಪಿಗ್. ಜೋನಿಬೆಲ್ಲದ ಬಣ್ಣ ಅಂತ ಮೂರನೇ ಕ್ಲಾಸಿನ ಮಕ್ಕಳೆಲ್ಲ ಸೇರಿ ಇಟ್ಟ ಹೆಸರು. ಚೀಟಿ ಎತ್ತಿದಾಗ ನಮ್ಮ ಹೆಸರು ಬಂದಿತ್ತಂತೆ, ಒಂದೂವರೆ ತಿಂಗಳು ನಮ್ಮನೇಲಿ. ನಾಯಿ ಬೆಕ್ಕು ಸಾಕಿದೋರಿಗೆ ಇದೇನು ದೊಡ್ಡ ಕೆಲಸ ಅಂತ ಅನ್ಕೊಂಡಿದ್ದೆ, ಆದ್ರೆ ಗಿನಿಪಿಗ್ ನಾಯಿ ಥರ ಅಲ್ವೇ ಅಲ್ಲ. ಹುಷಾರಿಲ್ಲ ಅಂದ್ರೆ ಅದು ತೋರಿಸ್ಕೊಳ್ಳೋದೇ ಇಲ್ಲ, ಕಾಡಲ್ಲಿ ಬೇರೆ ಪ್ರಾಣಿಗಳಿಗೆ ಆಹಾರ ಆಗಿದ್ದ ಜಾತಿ, ಸೊರಗಿದ ಹಾಗೆ ಕಂಡ್ರೆ ಮೊದಲು ಹಿಡಿಯೋದು ಅದನ್ನೇ ಅಲ್ವಾ. ಹಾಗಾಗಿ ಕೆಲಸ ಮಕ್ಕಳು ಮಾಡ್ಲಿ ಆದ್ರೆ ದಿನಕ್ಕೆರಡು ಸಲ ದೊಡ್ಡವರೊಬ್ಬರು ಕೂತು ಅದನ್ನ ಸರಿಯಾಗಿ ನೋಡ್ಲೇಬೇಕು. ಈ ಒಂದು ಮಾತು ನೆನಪಿದ್ರೆ ಕೆಳಗೆ ಬರೆದಿರೋದೆಲ್ಲ ಸುಲಭ.

ಮೊದಲು: ತರೋಕೆ ಮುಂಚೆ ಟೀಚರ್ ಹತ್ರ ಕೇಳಿ ಬರ್ಕೊಳ್ಳಿ

ಗೇಟಲ್ಲಿ ನಿಂತು ಎರಡು ನಿಮಿಷ ಮಾತಾಡಿದ್ರೆ ಸಾಕಾಗಲ್ಲ. ವಯಸ್ಸೆಷ್ಟು, ಗಂಡಾ ಹೆಣ್ಣಾ, ಈಗ ಏನು ತಿಂತಿದೆ, ದಿನಾ ಎಷ್ಟು, ಹಿಂದೆ ಏನಾದ್ರೂ ಕಾಯಿಲೆ ಆಗಿತ್ತಾ, ಯಾವ ಡಾಕ್ಟರು ನೋಡಿದ್ರು, ಖರ್ಚು ಬಂದ್ರೆ ಯಾರು ಕೊಡ್ತಾರೆ, ನಮ್ಮನೇಲಿದ್ದಾಗಲೇ ಸತ್ತು ಹೋದ್ರೆ ಏನು ಮಾಡೋದು. ಕೊನೇದನ್ನ ಕೇಳೋಕೆ ಕಷ್ಟ ಆಗತ್ತೆ, ಆದ್ರೂ ಕೇಳಿ. ಗಿನಿಪಿಗ್ ಸಾಮಾನ್ಯವಾಗಿ 5ರಿಂದ 8 ವರ್ಷ ಬದುಕತ್ತೆ, ಕ್ಲಾಸಲ್ಲಿ ಇರೋದು ಎಷ್ಟು ವರ್ಷದ್ದು ಅಂತ ಗೊತ್ತಿರ್ಬೇಕು.

ಕ್ಲಾಸಲ್ಲಿ ಗಂಡು ಹೆಣ್ಣು ಒಟ್ಟಿಗೆ ಇದ್ದಿದ್ರೆ ಅದನ್ನೂ ಕೇಳಿ. ಗರ್ಭ 59ರಿಂದ 72 ದಿನದ್ದು, ಅಂದ್ರೆ ಫೆಬ್ರವರಿ ಮಾರ್ಚಲ್ಲಿ ಕಟ್ಟಿದ್ದು ನಿಮ್ಮನೇಲಿ ಮರಿ ಹಾಕತ್ತೆ. ಮರಿಗಳು ಮೈತುಂಬ ಕೂದಲು, ತೆರೆದ ಕಣ್ಣು ಇಟ್ಕೊಂಡೇ ಹುಟ್ಟೋದು, ನೋಡೋಕೆ ಚಂದ, ಆದ್ರೆ ಗೊತ್ತಿಲ್ದೇ ಬಂದ್ರೆ ಗಾಬರಿ.

ಇಲ್ಲೇ ಇನ್ನೊಂದು ಹೇಳ್ಬಿಡ್ತೀನಿ. ನಮ್ಮ ಕಡೆ ಮಕ್ಕಳು ಗೂಡಿಂದ ಬಿದ್ದ ಗಿಳಿಮರಿ, ಕೆರೇಲಿ ಸಿಕ್ಕಿದ ಆಮೆ ಎಲ್ಲ ಶಾಲೆಗೆ ತಗೊಂಡು ಹೋಗ್ತಾರೆ, ಅದೇ ಕ್ಲಾಸಿನ ಸಾಕುಪ್ರಾಣಿ ಆಗ್ಬಿಡತ್ತೆ. ನಮ್ಮ ಕಾಡಿನ ಗಿಳಿ, ನಕ್ಷತ್ರ ಆಮೆ ಇವನ್ನೆಲ್ಲ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅಂಥದ್ದನ್ನ ರಜೆಗೆ ಮನೆಗೆ ತರ್ಬೇಡಿ, ಟೀಚರಿಗೆ ಮೆತ್ತಗೆ ಹೇಳಿ ಅರಣ್ಯ ಇಲಾಖೆಗೆ ಒಪ್ಪಿಸೋ ಹಾಗೆ ಮಾಡಿ. ಗಿನಿಪಿಗ್ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಕಡೆಯ ಸಾಕುಪ್ರಾಣಿ, ಅದಕ್ಕೆ ಆ ತೊಂದ್ರೆ ಇಲ್ಲ.

ಎರಡನೇದು: ಜಾಗ

ಶಾಲೆ ಪಂಜರ ಸಾಮಾನ್ಯವಾಗಿ ಚಿಕ್ಕದಿರತ್ತೆ. ಗಿನಿಪಿಗ್‌ಗೆ ಕಡಿಮೆ ಅಂದ್ರೂ ಏಳೆಂಟು ಚದರ ಅಡಿ ನೆಲ ಬೇಕು, ಮೇಲೆ ಹತ್ತೋ ಪ್ರಾಣಿ ಅಲ್ಲ ಇದು, ಓಡೋ ಪ್ರಾಣಿ, ಎತ್ತರ ಇದ್ರೆ ಏನೂ ಉಪಯೋಗ ಇಲ್ಲ. ನಾವು ಹಾಲಿನ ಒಂದು ಮೂಲೇಲಿ ಹಳೇ ರಟ್ಟು, ಎರಡು ಹಲಗೆ ಅಡ್ಡ ಇಟ್ಟು ಕಟಕಟೆ ಮಾಡಿದ್ವಿ, ರಾತ್ರಿ ಮಾತ್ರ ಪಂಜರದೊಳಗೆ. ತಳದಲ್ಲಿ ತಂತಿ ಜಾಲರಿ ಇದ್ರೆ ಅದರ ಮೇಲೆ ರಟ್ಟು ಹಾಕಿ, ಬರೀ ಜಾಲರಿ ಮೇಲೆ ನಿಂತ್ರೆ ಅಂಗಾಲು ಹುಣ್ಣಾಗತ್ತೆ. ಮೇಲೆ ಪೇಪರು, ಅದರ ಮೇಲೆ ಹಳೇ ಕಾಟನ್ ಟವೆಲ್, ದಿನಾ ಬದಲು ಮಾಡಿ. ಟವೆಲ್ ಅಂಚಿನ ದಾರ ಬಿಟ್ಟಿದ್ರೆ ಕತ್ತರಿಸಿ ಹಾಕಿ, ಕಾಲಿಗೆ ಸುತ್ಕೊಳ್ಳತ್ತೆ.

ಮರದ ಮಿಲ್ಲಿನ ಹೊಟ್ಟು ನಮ್ಮ ಜಿಲ್ಲೇಲಿ ಸುಲಭವಾಗಿ ಸಿಗತ್ತೆ ಅಂತ ಅದನ್ನ ಹಾಸ್ಬೇಡಿ. ನುಣ್ಣನೆ ಧೂಳು ಶ್ವಾಸಕ್ಕೆ ಹೋಗತ್ತೆ, ಗಿನಿಪಿಗ್‌ಗಳಿಗೆ ನ್ಯುಮೋನಿಯಾ ಬೇಗ ಬರತ್ತೆ.

ಒಂದು ರಟ್ಟಿನ ಡಬ್ಬ ಬೋರಲು ಹಾಕಿ ಎರಡು ಬಾಗಿಲು ಕತ್ತರಿಸಿ ಕೊಡಿ. ಎರಡು ಯಾಕೆ ಅಂದ್ರೆ ಒಂದರಲ್ಲಿ ಭಯ ಆದ್ರೆ ಇನ್ನೊಂದರಲ್ಲಿ ಓಡ್ಬೇಕು. ಮೊದಲ ಎರಡು ದಿನ ಅದರೊಳಗಿಂದ ಹೊರಗೇ ಬರಲ್ಲ, ಮಕ್ಕಳಿಗೆ ಬೇಜಾರಾಗತ್ತೆ, ಪಕ್ಕದ ಮನೆ ಮಕ್ಕಳೆಲ್ಲ ನೋಡೋಕೆ ಬರ್ತಾರೆ, ಡಬ್ಬ ಎತ್ತಿ ತೋರಿಸ್ಬೇಡಿ. ಬಿಟ್ಬಿಡಿ ಅದರ ಪಾಡಿಗೆ. ನಮ್ಮ ಜೋನಿ ಮೂರನೇ ದಿನ ಬೆಳಿಗ್ಗೆ ಫ್ರಿಜ್ ಬಾಗಿಲು ತೆಗೆದ ಸದ್ದಿಗೆ ಕುಯ್ಯ್ ಕುಯ್ಯ್ ಅಂತ ಶುರು ಮಾಡಿದ್ದು ಆಮೇಲೆ ಒಂದೂವರೆ ತಿಂಗಳು ನಿಲ್ಲಿಸ್ಲಿಲ್ಲ. ಕೊತ್ತಂಬರಿ ಬರತ್ತೆ ಅಂತ ಅದಕ್ಕೆ ಗೊತ್ತಾಗಿತ್ತು.

ಸೊಳ್ಳೆಬತ್ತಿ, ಅಗರಬತ್ತಿ ಹೊಗೆ ಬಾರದ ಕಡೆ ಇಡಿ. ಇರುವೆ ಬಂತು ಅಂತ ಚಾಕ್ ಗೀಟು, ಪೌಡರ್ ಯಾವುದೂ ಬೇಡ, ತಿಂದು ಬಿಟ್ಟ ಹಣ್ಣಿನ ಚೂರು ಅರ್ಧ ಗಂಟೆಲಿ ತೆಗೆದ್ಬಿಡಿ, ಪಂಜರ ಸ್ಟೂಲ್ ಮೇಲಿದ್ರೆ ಕಾಲಿಗೆ ನೀರಿನ ಬಟ್ಟಲು ಇಡಿ ನಮ್ಮ ಹಿರಿಯರು ಅಡುಗೆಮನೆ ಕಪಾಟಿಗೆ ಇಡ್ತಿದ್ರಲ್ಲ ಹಾಗೆ.

ಮೂರನೇದು: ಸೆಖೆ, ಇದನ್ನ ಹಗುರ ಮಾಡ್ಬೇಡಿ

ಗಿನಿಪಿಗ್‌ಗೆ ಹಿತ ಅನ್ಸೋದು 18ರಿಂದ 24 ಡಿಗ್ರಿ. 27-28 ದಾಟಿದ್ರೆ ಕಷ್ಟ ಶುರು. ನಮ್ಮ ಕಾರವಾರದಲ್ಲಿ ಮೇ ತಿಂಗಳ ಮಧ್ಯಾಹ್ನ 33-34 ಇರತ್ತೆ, ಮೇಲಿಂದ ಸಮುದ್ರದ ತೇವ, ನಾವೇ ಕೂತಲ್ಲೇ ಬೆವರ್ತೀವಿ. ಅದಕ್ಕೆ ಬೆವರೋಕೂ ಬರಲ್ಲ, ನಾಯಿ ಥರ ನಾಲಿಗೆ ಚಾಚಿ ತೇಕಿ ತಂಪು ಮಾಡ್ಕೊಳ್ಳೋಕೂ ಬರಲ್ಲ. ಅದು ಬಾಯ್ತೆರೆದು ಉಸಿರಾಡ್ತಿದೆ ಅಂದ್ರೆ ಆಗಲೇ ಅಪಾಯದಲ್ಲಿದೆ ಅಂತ ಅರ್ಥ.

ಮನೇಲಿ ಅತಿ ತಂಪು ಕೋಣೆ ಯಾವುದು ಅಂತ ನೋಡಿ ಅಲ್ಲಿಡಿ, ಆರ್‌ಸಿಸಿ ಮನೆ ಆದ್ರೆ ಮೇಲಿನ ಮಹಡಿ ಬೇಡವೇ ಬೇಡ, ಬಿಸಿಲು ಬೀಳೋ ಕಿಟಕಿ ಪಕ್ಕ ಬೇಡ. ಅರ್ಧ ಲೀಟರ್ ಬಾಟಲಿಲಿ ನೀರು ತುಂಬಿ ಫ್ರೀಜರಲ್ಲಿ ಗಟ್ಟಿ ಮಾಡಿ ಟವೆಲ್ ಸುತ್ತಿ ಒಂದು ಮೂಲೇಲಿ ಇಡಿ, ಬೇಕಾದ್ರೆ ಅದೇ ಬಂದು ಒರಗ್ಕೊಳ್ಳತ್ತೆ. ಎರಡು ಬಾಟಲಿ ಇಟ್ಕೊಳ್ಳಿ, ಒಂದು ಹೊರಗೆ ಒಂದು ಫ್ರೀಜರಲ್ಲಿ, ಕರೆಂಟ್ ಹೋದಾಗ ಇದೇ ಗತಿ. ಒಂದು ಟೈಲ್ಸ್ ತುಂಡು ಇಟ್ರೆ ಅದರ ಮೇಲೆ ಹೊಟ್ಟೆ ಹಾಸಿ ಮಲಗತ್ತೆ. ಫ್ಯಾನು ನೇರ ಮೈಮೇಲೆ ಬೀಸೋದು ಬೇಡ, ಗೋಡೆ ಕಡೆ ತಿರುಗಿಸಿಡಿ.

ಮೈ ಚೆಲ್ಲಿ ಮಲಗಿ ಏಳ್ತಾ ಇಲ್ಲ, ಜೊಲ್ಲು ಸುರೀತಿದೆ, ಜೋರಾಗಿ ಉಸಿರು ಎಳೀತಿದೆ ಅಂದ್ರೆ ಕಿವಿಗೆ ಪಾದಕ್ಕೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಒತ್ತಿ, ಐಸ್ ನೀರಲ್ಲ, ಬಕೆಟ್ಟಲ್ಲಿ ಮುಳುಗಿಸೋದೂ ಅಲ್ಲ, ಒತ್ತಿ ಹಿಡ್ಕೊಂಡೇ ಡಾಕ್ಟರ್ ಹತ್ರ ಓಡಿ. ಮನೇಲೇ ಸರಿ ಹೋಗತ್ತೇನೋ ಅಂತ ಕಾಯ್ಬೇಡಿ.

ನಾಲ್ಕನೇದು: ಹೊಟ್ಟೆಗೆ ಏನು

ದಿನದ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲೇ ಇರ್ಬೇಕು, ಹಗಲು ರಾತ್ರಿ ಎದುರಿಗೆ ಇರ್ಬೇಕು. ಅದರ ಹಲ್ಲು ಸಾಯೋವರೆಗೆ ಬೆಳೀತಾನೇ ಇರತ್ತೆ, ಹುಲ್ಲು ಅಗೆದು ಅಗೆದೇ ಸವೀಬೇಕು, ಕರುಳೂ ನಾರಿದ್ರೆ ಮಾತ್ರ ಓಡೋದು. ಆನ್‌ಲೈನಲ್ಲಿ ತರ್ಸೋ ವಿದೇಶಿ ಒಣಹುಲ್ಲು ದುಬಾರಿ, ಬರೋಕೂ ದಿನ ಹಿಡಿಯತ್ತೆ. ನಾವು ಗರಿಕೆ ಕೊಯ್ದು ನೆರಳಲ್ಲಿ ಒಣಗಿಸಿ ಕೊಟ್ವಿ, ದನಕ್ಕೆ ಬೆಳೆಸೋ ನೇಪಿಯರ್ ಹುಲ್ಲಿನ ಎಳೆ ಎಲೆ ಕೂಡ ಕೊಟ್ವಿ, ಚೆನ್ನಾಗಿ ತಿಂತು. ಭತ್ತದ ಹುಲ್ಲು ಮಾತ್ರ ಊಟದ ಬದಲಿಗೆ ಬೇಡ, ಸತ್ವ ಕಡಿಮೆ, ಗಟ್ಟಿ ಕಡ್ಡಿ ಕಣ್ಣಿಗೆ ಚುಚ್ಚತ್ತೆ. ಒಣಹುಲ್ಲು ನಮ್ಮ ಕರಾವಳಿ ತೇವಕ್ಕೆ ಬೂಷ್ಟು ಹಿಡಿಯೋದು ಎರಡೇ ದಿನದ ಮಾತು, ಕಾಗದದ ಚೀಲದಲ್ಲಿ ಗಾಳಿ ಆಡೋ ಹಾಗಿಟ್ಟು ದಿನಾ ಮೂಸಿ ನೋಡಿ, ಮುಗ್ಗು ವಾಸನೆ ಬಂದ್ರೆ ಎಸೆದ್ಬಿಡಿ.

ಇನ್ನು ವಿಟಮಿನ್ ಸಿ. ನಮ್ಮ ಹಾಗೇ ಗಿನಿಪಿಗ್‌ಗೂ ಇದನ್ನ ಮೈಯೊಳಗೆ ತಯಾರಿಸ್ಕೊಳ್ಳೋಕೆ ಆಗಲ್ಲ, ದಿನಾ ತಿನ್ನಲೇಬೇಕು, ಒಂದು ಕೆಜಿ ತೂಕಕ್ಕೆ 10ರಿಂದ 30 ಮಿಲಿಗ್ರಾಂ. ಇಲ್ಲಾಂದ್ರೆ ಸ್ಕರ್ವಿ, ಗಂಟು ನೋವು, ಒಸಡಲ್ಲಿ ರಕ್ತ. ಹಿಂದೆ ಹಡಗಿನವರನ್ನ ಸಾಲುಸಾಲಾಗಿ ಕೊಂದ ಕಾಯಿಲೆ ಅದೇ, 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಅನ್ನೋ ಇಬ್ಬರು ಗಿನಿಪಿಗ್‌ಗಳಲ್ಲಿ ಅದೇ ಸ್ಕರ್ವಿ ಬರೋದನ್ನ ತೋರಿಸಿದ ಮೇಲೆ ಊಟದಲ್ಲೇ ಏನೋ ಕಡಿಮೆ ಆಗಿ ಬರೋ ಕಾಯಿಲೆ ಇದು ಅನ್ನೋದು ಗಟ್ಟಿ ಆಯ್ತು. ನೌಕಾನೆಲೆ ಇರೋ ಊರಲ್ಲಿ ಮಕ್ಕಳಿಗೆ ಈ ಕಥೆ ಹೇಳಿದ್ರೆ ತಟ್ಟನೆ ಹಿಡಿಸತ್ತೆ, ನಮ್ಮವಳು ನೇವಿ ಕ್ವಾರ್ಟರ್ಸಿನ ಫ್ರೆಂಡಿಗೆ ಹೇಳಿದ್ದೇ ಹೇಳಿದ್ದು.

ಕೊಡೋದು ಸುಲಭ. ಒಂದು ಕಾಲು ಭಾಗ ಹಸಿ ದೊಣ್ಣೆಮೆಣಸು, ಬೀಜ ತೆಗೆದು. ಇಲ್ಲಾ ಪೇರಲೆ ಒಂದು ಹೋಳು, ಜೊತೆಗೆ ಒಂದು ಹಿಡಿ ಕೊತ್ತಂಬರಿ. ಬೇಯಿಸಬಾರದು. ಕುಡಿಯೋ ನೀರಿಗೆ ವಿಟಮಿನ್ ಡ್ರಾಪ್ಸ್ ಹಾಕೋದು ನಂಬಿಕೆಗೆ ಸಾಲದು, ಬೆಳಕು ಗಾಳಿಗೆ ಬೇಗ ಕೆಡತ್ತೆ, ರುಚಿ ಬದಲಾಯ್ತು ಅಂತ ನೀರನ್ನೇ ಬಿಟ್ಬಿಟ್ರೆ ಇನ್ನೂ ಕಷ್ಟ. ಅಂಗಡೀಲಿ ಮೊಲದ ಪೆಲೆಟ್ (ಗುಳಿಗೆ ಥರದ ಒಣ ಆಹಾರ) ಕೊಟ್ಟು ಎರಡೂ ಒಂದೇ ಅಂತಾರೆ, ಒಂದೇ ಅಲ್ಲ, ಮೊಲಕ್ಕೆ ಈ ವಿಟಮಿನ್ ಬೇಡ ಹಾಗಾಗಿ ಅದರಲ್ಲಿ ಹಾಕಿರಲ್ಲ. ಗಿನಿಪಿಗ್‌ದೇ ಪೆಲೆಟ್ ಇದ್ರೆ ದಿನಕ್ಕೆ ಎರಡು ಚಮಚ ಸಾಕು.

ಸೌತೆಕಾಯಿ ಕೊಡಬಹುದು. ಕ್ಯಾರೆಟ್, ಬಾಳೆಹಣ್ಣು, ಮಾವು ಬೆರಳಗಲ, ವಾರಕ್ಕೆ ಎರಡು ಸಲ, ಸಕ್ಕರೆ ಜಾಸ್ತಿ ಅದರಲ್ಲಿ. ಹರಿವೆ, ಪಾಲಕ್ ಅಪರೂಪಕ್ಕೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಹಸಿ ಕೆಸುವಿನ ಎಲೆ, ಅನ್ನ, ಚಪಾತಿ, ಬಿಸ್ಕೆಟ್, ಹಾಲು ಯಾವುದೂ ಬೇಡ. ಅಂಗಳದ ಕಣಗಿಲೆ ಗಿಡದ ಹತ್ರ ಬಿಡ್ಲೇಬೇಡಿ, ಅದು ವಿಷ. ಮನೆಗೆ ಬಂದ ನೆಂಟರಿಗೂ ಹೇಳಿ, ಪ್ರೀತಿಯಿಂದ ಚಕ್ಕುಲಿ ಚೂರು ಹಾಕೋರು ಅವರೇ. ಗಿನಿಪಿಗ್‌ಗೆ ವಾಂತಿ ಮಾಡೋಕೆ ಬರಲ್ಲ, ಒಳಗೆ ಹೋಗಿದ್ದು ಹೋಯ್ತು.

ಪಂಜರಕ್ಕೆ ಸಿಕ್ಕಿಸೋ ನಳಿಕೆಯ ನೀರಿನ ಬಾಟಲಿ ಬಗ್ಗೆ ನಮಗಾದ ಅನುಭವ ಹೇಳ್ಬೇಕು. ನಾಲ್ಕನೇ ದಿನವೋ ಐದನೇ ದಿನವೋ ಬಾಟಲಿ ತುಂಬಿದೆ ಅಂತ ನೋಡಿ ಸುಮ್ನಿದ್ವಿ, ಸಂಜೆಗೂ ಅಷ್ಟೇ ತುಂಬಿತ್ತು, ಮಗಳೇ ಕೇಳಿದ್ಲು ಅಮ್ಮ ಇದು ನೀರೇ ಕುಡೀತಿಲ್ವಾ ಅಂತ. ನಳಿಕೆ ತುದಿಯ ಗುಂಡು ಅಲುಗಾಡ್ತಾನೇ ಇರ್ಲಿಲ್ಲ, ಆ ಸೆಖೇಲಿ ಅದು ಇಡೀ ದಿನ ನೀರಿಲ್ದೇ ಇತ್ತು. ಬಟ್ಟಲಲ್ಲಿ ನೀರಿಟ್ಟ ಕೂಡ್ಲೇ ಅದು ಕುಡಿದಿದ್ದನ್ನ ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಅವತ್ತಿಂದ ಬೆಳಿಗ್ಗೆ ಸಂಜೆ ಬೆರಳಲ್ಲಿ ಗುಂಡು ಒತ್ತಿ ಹನಿ ಬರತ್ತಾ ಅಂತ ನೋಡ್ತಿದ್ವಿ, ಜೊತೆಗೆ ಒಂದು ಭಾರದ ಮಣ್ಣಿನ ಬಟ್ಟಲಲ್ಲೂ ನೀರು.

ಐದನೇದು: ದಿನಾ ಏನು ನೋಡ್ಬೇಕು

ಹಿಕ್ಕೆ ನೋಡಿ. ಕಡು ಕಂದು ಬಣ್ಣ, ಉದ್ದ ಅಕ್ಕಿಗಿಂತ ದಪ್ಪ, ಒಣಗಿ ಗಟ್ಟಿಯಾಗಿದ್ರೆ ಸರಿ. ಸಣ್ಣ ಆಯ್ತು, ಕಡಿಮೆ ಆಯ್ತು, ಮೆತ್ತಗಾಯ್ತು ಅಂದ್ರೆ ಹೊಟ್ಟೆ ಕೆಟ್ಟಿದೆ. ಒಂದೊಂದ್ಸಲ ತನ್ನ ಹಿಂಭಾಗಕ್ಕೆ ಬಾಯಿ ಹಾಕಿ ಮೆತ್ತನೆ ಹಿಕ್ಕೆ ತಿನ್ನೋದು ಕಾಣ್ಬಹುದು, ಮಕ್ಕಳು ಛೀ ಅಂತಾರೆ, ಅದು ರೋಗ ಅಲ್ಲ, ಮೊದಲ ಸುತ್ತಲ್ಲಿ ಸಿಗದ ಸತ್ವ ಎರಡನೇ ಸುತ್ತಲ್ಲಿ ತಗೊಳ್ಳೋದು ಅದರ ಕ್ರಮ, ಬೈಬೇಡಿ.

ಅಡುಗೆಮನೆ ತೂಕದ ಮಷೀನಲ್ಲಿ ಬುಟ್ಟಿ ಇಟ್ಟು ಎರಡು ದಿನಕ್ಕೊಮ್ಮೆ ತೂಕ ಬರೀರಿ, ಇದು ಮಕ್ಕಳಿಗೆ ಕೊಡೋಕೆ ಒಳ್ಳೇ ಕೆಲಸ. ಜೋನಿ ಬಂದಾಗ 910 ಗ್ರಾಂ ಇತ್ತು. ಹತ್ತಿಪ್ಪತ್ತು ಗ್ರಾಂ ಏರುಪೇರು ಇದ್ದಿದ್ದೇ, 50 ಇಳಿದ್ರೆ ಎಚ್ಚರ, 100 ಇಳಿದ್ರೆ ಡಾಕ್ಟರು. ಕಾಯಿಲೆ ಕಣ್ಣಿಗೆ ಕಾಣೋ ಮೊದಲು ತೂಕದಲ್ಲಿ ಕಾಣತ್ತೆ.

12 ಗಂಟೆ ಏನೂ ತಿಂದಿಲ್ಲ ಅಂದ್ರೆ ತುರ್ತು. ರಾತ್ರಿ ಆದ್ರೂ ಫೋನ್ ಮಾಡಿ. ನಮ್ಮ ಪಶು ಆಸ್ಪತ್ರೆಗಳಲ್ಲಿ ದನ, ನಾಯಿ ಕೇಸೇ ಜಾಸ್ತಿ, ಗಿನಿಪಿಗ್ ನೋಡಿ ರೂಢಿ ಇರೋ ಡಾಕ್ಟರು ಯಾರು ಅಂತ ರಜೆಯ ಮೊದಲ ದಿನವೇ ವಿಚಾರಿಸಿ ನಂಬರ್ ಗೋಡೆಗೆ ಅಂಟಿಸಿ. ಹೋದಾಗ ಇದು ಗಿನಿಪಿಗ್, ಪೆನಿಸಿಲಿನ್ ಜಾತಿ ಆಂಟಿಬಯಾಟಿಕ್ ಆಗಲ್ಲ ಅಲ್ವಾ ಅಂತ ನೀವೇ ಬಾಯ್ಬಿಟ್ಟು ಕೇಳಿ, ಅಮಾಕ್ಸಿಸಿಲಿನ್ ಥರದ್ದು ಅದರ ಕರುಳಿನ ಒಳ್ಳೇ ಬ್ಯಾಕ್ಟೀರಿಯಾ ಕೊಂದು ಜೀವಕ್ಕೇ ಬರತ್ತೆ. ಮನೇಲಿ ಮಕ್ಕಳಿಗೆ ಉಳಿದ ಸಿರಪ್ ಯಾವ ಕಾರಣಕ್ಕೂ ಹಾಕ್ಬೇಡಿ.

ಎತ್ತೋದು ಎರಡು ಕೈಲಿ, ಒಂದು ಎದೆ ಕೆಳಗೆ ಒಂದು ಹಿಂಭಾಗಕ್ಕೆ. ಮಕ್ಕಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಮೇಲೇ ಮಡಿಲಿಗೆ ಕೊಡಿ, ನಿಂತ್ಕೊಂಡು ಬೇಡ, ಬಿದ್ರೆ ಬೆನ್ನುಮೂಳೆ ಹೋಗತ್ತೆ. ಹಲ್ಲು ಕಟಕಟ ಅಂದ್ರೆ ಸಿಟ್ಟು, ಬಿಟ್ಬಿಡಿ. ಇದ್ದಕ್ಕಿದ್ದಂತೆ ಅರಳು ಸಿಡಿದ ಹಾಗೆ ಗಾಳೀಲಿ ಹಾರಿದ್ರೆ ಖುಷಿ. ಸ್ನಾನ ಬೇಡ. ಮುಟ್ಟಿದ ಮೇಲೆ ಸೋಪಲ್ಲಿ ಕೈ, ಮಕ್ಕಳ ಕೈಮೇಲೆ ದುಂಡಗೆ ಕೆಂಪು ತುರಿಕೆ ಎದ್ರೆ ಗಜಕರ್ಣ ಇರ್ಬಹುದು, ಇಬ್ಬರಿಗೂ ಔಷಧಿ ಬೇಕಾಗತ್ತೆ.

ಆರನೇದು: ಅಜ್ಜಿಮನೆಗೆ ಕರ್ಕೊಂಡು ಹೋಗೋದಾದ್ರೆ

ಬಿಟ್ಟು ಹೋಗೋಕೆ ಜನ ಇದ್ರೆ ಬಿಟ್ಟು ಹೋಗೋದೇ ಒಳ್ಳೇದು. ನಮಗೆ ಇರ್ಲಿಲ್ಲ. ಕಾರವಾರದಿಂದ ಬೆಳಿಗ್ಗೆ ಐದಕ್ಕೆ ಹೊರಟು ಬಿಸಿಲೇರೋ ಮೊದಲು ಕುಮಟಾ ದಾಟಿ ದೇವಿಮನೆ ಘಾಟ್ ಹತ್ತಿದ್ವಿ. ಗಾಳಿ ತೂತಿರೋ ಗಟ್ಟಿ ಬುಟ್ಟಿ, ಒಳಗೆ ಅದೇ ಹಳೇ ಟವೆಲ್, ವಾಸನೆ ಪರಿಚಯ ಇರತ್ತೆ. ದಾರೀಲಿ ಬಾಟಲಿ ಸೋರಿ ಮೈ ಒದ್ದೆ ಆಗತ್ತೆ, ಬದಲಿಗೆ ಸೌತೆಕಾಯಿ ಹೋಳು, ತುಂಬ ಹುಲ್ಲು. ಚಾ ಕುಡಿಯೋಕೆ ನಿಲ್ಲಿಸಿದಾಗ ಗಾಡಿ ಒಳಗೆ ಬಿಟ್ಟು ಹೋಗ್ಬೇಡಿ, ಹತ್ತು ನಿಮಿಷವೂ ಬೇಡ.

ಶಿರಸಿ ಹತ್ರ ನಮ್ಮ ತವರಲ್ಲಿ ಜಗಲಿ ಮೇಲೆ ಬುಟ್ಟಿ ಇಟ್ಟಾಗ ಅಮ್ಮ, ಇದೆಂತದೇ, ಹೆಗ್ಗಣನಾ ಅಂದ್ಲು. ಎರಡು ದಿನಕ್ಕೆ ಅವಳೇ ಬೆಳಿಗ್ಗೆ ಗರಿಕೆ ಕಿತ್ತು ತರೋ ಹಾಗಾಯ್ತು. ಅಲ್ಲಿ ತಂಪಿದೆ, ಸೆಖೆ ಚಿಂತೆ ಕಡಿಮೆ, ಆದ್ರೆ ಬೇರೆ ಚಿಂತೆ ಇದೆ. ಮನೆ ಬೆಕ್ಕು, ಮಾಡಿನಿಂದ ಇಳಿಯೋ ಕೇರೆಹಾವು, ಇಲಿ, ಮುಂಗುಸಿ. ರಾತ್ರಿ ಕೊಟ್ಟಿಗೆಯಲ್ಲಿ ಇಡ್ಬೇಡಿ, ಬಾಗಿಲು ಹಾಕೋ ಕೋಣೇಲಿ, ಅರ್ಧ ಇಂಚಿಗಿಂತ ಸಣ್ಣ ಕಣ್ಣಿನ ಜಾಲರಿ ಹಾಕಿ. ಹಗಲು ಅಂಗಳದಲ್ಲಿ ಮೇಯಿಸೋಕೆ ಬಿಟ್ರೆ ಒಬ್ಬರು ಪಕ್ಕದಲ್ಲೇ ಕೂತಿರಿ, ಕಾಗೆ ಗಿಡುಗ ಮೇಲಿಂದ ಬರತ್ತೆ.

ಹುಲ್ಲು ಎಲ್ಲಿಂದ ಅನ್ನೋದು ಅಲ್ಲಿ ಬಹಳ ಮುಖ್ಯ. ಸೊಪ್ಪಿನ ಬೆಟ್ಟದಿಂದ, ಕಾಡಂಚಿಂದ ತರ್ಬೇಡಿ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು, ನಮ್ಮ ಸಿದ್ದಾಪುರ ಕಡೆ ಈಗಲೂ ಬರತ್ತೆ, ಹರಡೋದು ರಕ್ತ ಹೀರೋ ಉಣ್ಣೆ ಹುಳದಿಂದ, ಜೋರಾಗೋದು ಸರಿಯಾಗಿ ಇದೇ ಬೇಸಿಗೆ ತಿಂಗಳುಗಳಲ್ಲಿ. ಹುಲ್ಲು ಕೊಯ್ಯೋಕೆ ಮಕ್ಕಳನ್ನ ಅತ್ತ ಕಳಿಸೋದೇ ಬೇಡ. ತೋಟದ ಹುಲ್ಲು ಆಗಬಹುದು, ಆದ್ರೆ ಅಡಿಕೆಗೆ ಕೊಳೆ ಔಷಧಿ ಹೊಡೆಯೋ ಮೊದಲು ಮಾತ್ರ. ಮಳೆ ಹಿಡಿಯೋ ಹೊತ್ತಿಗೆ ಬೋರ್ಡೋ ಹೊಡೀತಾರಲ್ಲ, ಮೈಲುತುತ್ತು ಸುಣ್ಣ ಎಲ್ಲ ಕೆಳಗಿನ ಹುಲ್ಲಿಗೇ ತೊಟ್ಟಿಕ್ಕೋದು. ನಾವು ಮನೆ ಹಿಂದಿನ ಬಾವಿಕಟ್ಟೆ ಸುತ್ತಲಿನ ಗರಿಕೆ ಮಾತ್ರ ತೊಳೆದು, ನೀರಾರಿಸಿ ಕೊಟ್ವಿ.

ಪಕ್ಕದ ಮನೇಲಿ ಮೊಲ ಇದೆ ಜೊತೆ ಆಗತ್ತೆ ಅಂತ ಒಟ್ಟಿಗೆ ಬಿಡೋದೂ ಬೇಡ. ಮೊಲ ಒದ್ರೆ ಇದಕ್ಕೆ ಪೆಟ್ಟಾಗತ್ತೆ, ಮೊಲಕ್ಕೆ ಏನೂ ಮಾಡದ ಬ್ಯಾಕ್ಟೀರಿಯಾ ಇದಕ್ಕೆ ನ್ಯುಮೋನಿಯಾ ತರತ್ತೆ.

ಏನಾದ್ರೂ ಆಗ್ಬಿಟ್ರೆ

ಎಷ್ಟು ನೋಡ್ಕೊಂಡ್ರೂ ಆಗಬಹುದು. ಮಗುವಿಗೆ ಸುಳ್ಳು ಹೇಳ್ಬೇಡಿ, ಓಡಿ ಹೋಯ್ತು ಅನ್ಬೇಡಿ, ಅದೇ ಬಣ್ಣದ ಇನ್ನೊಂದು ತಂದು ಇಡೋದಂತೂ ಬೇಡವೇ ಬೇಡ, ಮಕ್ಕಳಿಗೆ ಗೊತ್ತಾಗತ್ತೆ, ಪ್ರತಿ ಕೂದಲು ಅವರಿಗೆ ಗೊತ್ತಿರತ್ತೆ. ಟೀಚರಿಗೆ ಅವತ್ತೇ ಫೋನ್ ಮಾಡಿ. ಶಾಲೆ ಶುರು ಆದ ದಿನ ನಿಮ್ಮ ಮಗುವೊಂದೇ ಮೂವತ್ತು ಮಕ್ಕಳ ಎದುರು ನಿಂತು ಹೇಳೋ ಹಾಗೆ ಆಗ್ಬಾರದು, ಟೀಚರ್ ಮೊದಲೇ ಹೇಳಿರ್ಲಿ, ನೀವೂ ಜೊತೆಗೆ ಹೋಗಿ.

ವಾಪಸ್ ಕೊಡೋ ದಿನ

ಮೇ ಕೊನೇಲಿ ಶಾಲೆ ಶುರು ಆಗೋ ಎರಡು ದಿನ ಮುಂಚೆ ಪಂಜರ ತೊಳೆದು ಬಿಸಿಲಿಗಿಟ್ಟು ಒಣಗಿಸಿ. ಟವೆಲ್ ಒಂದನ್ನ ಮಾತ್ರ ತೊಳೀದೇ ಹಾಗೇ ಒಳಗೆ ಹಾಕಿ ಕಳಿಸಿ, ಹೊಸ ಗಲಾಟೇಲಿ ಅದಕ್ಕೆ ಪರಿಚಯದ ವಾಸನೆ ಬೇಕು. ತೂಕದ ಪುಸ್ತಕ, ಏನು ತಿಂತು ಏನು ಬಿಡ್ತು, ಡಾಕ್ಟರ್ ನಂಬರ್ ಎಲ್ಲ ಮಗು ಕೈಲೇ ಒಂದು ಹಾಳೆ ಬರೆಸಿ. ನಮ್ಮವಳು ಬರೆದಿದ್ದ ಮೊದಲ ಸಾಲು, ಇದಕ್ಕೆ ಕೊತ್ತಂಬರಿ ಕಡ್ಡಿ ಇಷ್ಟ ಎಲೆ ಅಲ್ಲ, ಅಂತ. ತೂಕ 960 ಇತ್ತು. ಟೀಚರ್ ಪಂಜರ ಕಿಟಕಿ ಪಕ್ಕ ಇಡೋಕೆ ಹೋದಾಗ ಅಲ್ಲಿ ಹತ್ತು ಗಂಟೆಗೆ ಬಿಸಿಲು ಬರತ್ತೆ ಮಿಸ್ ಅಂತ ಹೇಳಿ ಕಪಾಟಿನ ಪಕ್ಕಕ್ಕೆ ಸರಿಸಿದ್ಲು, ಆಮೇಲೆ ಬಾಟಲಿ ಸಿಕ್ಕಿಸಿ ನಳಿಕೆಯ ಗುಂಡು ಬೆರಳಲ್ಲಿ ಒತ್ತಿ ಹನಿ ಬಂದಿದ್ದು ನೋಡಿ ತನ್ನ ಬೆಂಚಿಗೆ ಹೋದ್ಲು.